ಒಂದೇ ಕಲ್ಲಿನಲ್ಲಿ ಒಂಬತ್ತು ಬಣ್ಣ

ಬಣ್ಣ ಜಾಸ್ತಿ ಬೇಕಾದರೆ ಕಲ್ಲೂ ಜಾಸ್ತಿ ಬೇಕು ಅನ್ನೋದು ಲಿಥೋ, ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ಕಾಗದಕ್ಕೆ ಅಚ್ಚು ಹಾಕುವವರ ಹಳೆಯ ಮಾತು. ಡಾಫ್ನಿಸ್ ಮತ್ತು ಕ್ಲೋಯಿ ಎಂಬ ಹಳೆಯ ಗ್ರೀಕ್ ಪ್ರೇಮಕಥೆಗೆ ಚಿತ್ರಕಾರ ಶಗಾಲ್ 42 ಲಿಥೋಗ್ರಾಫ್ ಮಾಡಿದಾಗ ಪ್ಯಾರಿಸ್‌ನ ಮೂರ್ಲೋ ಪ್ರೆಸ್ಸೇ ಬೆನ್ನಿಗಿತ್ತು. ಕೆಲವು ಚಿತ್ರಗಳಿಗೆ ಇಪ್ಪತ್ತರ ಮೇಲೆ ಬಣ್ಣ. 1961ರಲ್ಲಿ ತೆರಿಯಾದ್ ಅದನ್ನು ಪ್ರಕಟಿಸಿದರು. ನನ್ನ ಹತ್ತಿರ ಇದ್ದದ್ದು ಒಂದು ಹ್ಯಾಂಡ್ ಪ್ರೆಸ್, ಒಂದೇ ಒಂದು ಒಳ್ಳೆಯ ಕಲ್ಲು. "ನಾಲ್ಕನೇ ಬಣ್ಣಕ್ಕೇ ಕೈಕೊಡುತ್ತೆ ನೋಡು" ಎಂದರು ಗೆಳೆಯರು. ಒಂಬತ್ತು ಹಾಕಿದೆ.

ಆರಿಸಿಕೊಂಡದ್ದು ಅದೇ ಕಥೆಯ ಲೆಸ್ಬೋಸ್ ದ್ವೀಪದ ಕಡಲಿನ ದೃಶ್ಯ. ಕಡಲ್ಗಳ್ಳರು ಡಾಫ್ನಿಸ್‌ನನ್ನೂ ಹಸುಗಳನ್ನೂ ಹೊತ್ತೊಯ್ಯುತ್ತಾರೆ. ದಡದಲ್ಲಿ ಕ್ಲೋಯಿ ಕೊಳಲು ಊದುತ್ತಾಳೆ. ಗುರುತಿನ ದನಿ ಕೇಳಿ ಹಸುಗಳೆಲ್ಲ ಒಂದೇ ಬದಿಗೆ ನೀರಿಗೆ ಹಾರುತ್ತವೆ, ಹಡಗು ಮಗುಚುತ್ತದೆ. ಡಾಫ್ನಿಸ್ ಎರಡು ಹಸುಗಳ ಕೊಂಬು ಹಿಡಿದು ದಡ ಸೇರುತ್ತಾನೆ. ಪ್ರೇಮಕಥೆ ಅಂದರೆ ತಬ್ಬಿಕೊಂಡ ಜೋಡಿಯನ್ನೇ ಬರೆಯಬೇಕಾ? ನನಗೆ ಆ ಕೊಂಬುಗಳೇ ಸಾಕು.

ಮಾಡಿದ್ದು ರಿಡಕ್ಷನ್, ಅಂದರೆ ಒಂದೊಂದು ಬಣ್ಣ ಹೊಡೆದ ಮೇಲೂ ಅದೇ ಕಲ್ಲಿನ ಚಿತ್ರವನ್ನು ಸ್ವಲ್ಪ ಸ್ವಲ್ಪ ಅಳಿಸುತ್ತ ಹೋಗುವುದು. ಹಳದಿ ಹೊಡೆದು, ಕಲ್ಲನ್ನು ಅಷ್ಟಷ್ಟೇ ಕೆರೆದು, ಎಚ್ (ಅಂಟು, ಆಮ್ಲ ಬೆರೆತ ಲೇಪ) ಕೊಟ್ಟು, ಕಿತ್ತಳೆ, ಗುಲಾಬಿ, ಕೆಂಪು. ಇಲ್ಲಿವರೆಗೆ ಎಲ್ಲರಿಗೂ ಗೊತ್ತು. ತೊಂದರೆ ಕಡಲಿನದು. ಹಳದಿಯ ಮೇಲೆ ನೀಲಿ ಕೂತರೆ ಹಸಿರು. ಹಾಗಾಗಿ ಕಡಲಿನ ಜಾಗವನ್ನು ಮೊದಲೇ ಇಂಕ್ ಹಿಡಿಯದಂತೆ ಗಮ್ (ಗಮ್ ಅರಾಬಿಕ್ ಅಂಟು) ಹಾಕಿ ಮುಚ್ಚಿ, ಕೆಂಪು ಮುಗಿದ ಮೇಲೆ ಕೌಂಟರ್ ಎಚ್ ಮಾಡಿ, ಅಂದರೆ ತೆಳು ಆಮ್ಲದಿಂದ ಆ ಜಾಗವನ್ನು ಮತ್ತೆ ಬರೆಯಲು ಬರುವಂತೆ ತೆರೆದೆ. ಜನ ನಂಬದೆ ಇದ್ದದ್ದು ಇದನ್ನೇ. ಮೊದಮೊದಲು ಅವರ ಮಾತೇ ನಿಜವಾಯಿತು. ರೋಲರ್ ತಾಗಿದ್ದೇ ತಡ, ಕಡಲಿನ ತುಂಬ ಕೊಳಕು ಮುಸುಕು. ಹತ್ತಿರ ಹತ್ತಿರ ಹತ್ತು ಸಾವಿರದ ಕಾಗದ ಹೋಯಿತು. ರಿಡಕ್ಷನ್‌ನಲ್ಲಿ ಹೋದ ಹಾಳೆ ಹೋಯಿತು, ಕೆರೆದ ಕಲ್ಲು ಮತ್ತೆ ಹಳದಿ ಕೊಡುವುದಿಲ್ಲ.

ಕೊನೆಗೆ ಕೌಂಟರ್ ಎಚ್‌ಗೆ ಕೈಹಿಡಿದದ್ದು ಅಡುಗೆಯ ವಿನೆಗರ್, ನೀರು ಬೆರೆಸಿ. ಅದರ ಜೊತೆ ಇನ್ನೊಂದು ಸೇರಿಸುತ್ತೇನೆ. ಅದು ನನ್ನ ಹತ್ತಿರವೇ ಇರಲಿ. ಕಲ್ಲಿನ ಮೇಲೆ ಒಂದು ನಿಮಿಷಕ್ಕಿಂತ ಜಾಸ್ತಿ ಬಿಡಬೇಡಿ ಅಂತಷ್ಟೇ ಹೇಳುತ್ತೇನೆ.

ಗಮ್ ಅರಾಬಿಕ್ ತರಿಸೋದು ದುಬಾರಿ ಅಂತ ಸುಮ್ನೆ ಒಮ್ಮೆ ಅಂಟಿನುಂಡೆಗೆ ಹಾಕುವ ಅಂಟನ್ನು ನೆನೆಸಿ, ಪಂಚೆ ಬಟ್ಟೆಯಲ್ಲಿ ಸೋಸಿ ಬಳಸಿದೆ. ಚೆನ್ನಾಗಿಯೇ ಕೆಲಸ ಮಾಡಿತು. ಬೇಸಿಗೆಯಲ್ಲಿ ಎರಡು ದಿನಕ್ಕೆ ಹುಳಿವಾಸನೆ ಬಂತು, ಮನೆಯವರು ಡಬ್ಬಿ ಹೊರಗಿಟ್ಟರು. ಕಲ್ಲಿನ ಬದಲು ಬಳಸುವ ಜಿಂಕ್ ಪ್ಲೇಟ್ ಮೇಲೂ ನೋಡಿದೆ. ಅಲ್ಲಿ ಈ ಅಂಟು ನಿಲ್ಲಲಿಲ್ಲ.

ರಿಜಿಸ್ಟರ್‌ಗೆ, ಅಂದರೆ ಪ್ರತಿ ಬಣ್ಣವೂ ತನ್ನ ಜಾಗದಲ್ಲೇ ಕೂರುವುದಕ್ಕೆ, ಪಿನ್ ಸಾಕು. ಆದರೆ ಕಾಗದ ಹಿಗ್ಗಿ, ಕೊಂಬಿನ ಸುತ್ತ ಕೂದಲೆಳೆಯಷ್ಟು ಬಿಳಿ ಕಾಣುತ್ತಿತ್ತು. ಖಾಲಿ ಹಾಳೆಗಳನ್ನು ಮೊದಲೇ ಮೂರು ನಾಲ್ಕು ಸಲ ಒಣಗಿದ್ದಂತೆಯೇ ಪ್ರೆಸ್ಸಿನಡಿ ಎಳೆದೆ. ಹಿಗ್ಗುವುದೆಲ್ಲ ಅಲ್ಲೇ ಹಿಗ್ಗಿತು. ಇಂಕ್ ಆಫ್‌ಸೆಟ್‌ನವರ ಬಳಿ ಮಿಕ್ಕಿದ್ದು, ಅರ್ಧ ಬೆಲೆಗೆ. ತುಂಬಾ ತೆಳು, ಗಟ್ಟಿಯಾಗಲು ಮೆಗ್ನೀಶಿಯಂ ಕಾರ್ಬೊನೇಟ್ ಪುಡಿ ಬೆರೆಸಲೇಬೇಕು. ಆರನೆಯ ಬಣ್ಣದಿಂದ ಆಚೆ ಇಂಕಿನಲ್ಲಿ ಟ್ರಾನ್ಸ್‌ಪರೆಂಟ್ ಬೇಸ್ (ಬಣ್ಣವಿಲ್ಲದ ಇಂಕ್) ಅರ್ಧಕ್ಕಿಂತ ಜಾಸ್ತಿ ಇರಲಿ. ಇಲ್ಲದಿದ್ದರೆ ಮೇಲಿನ ಬಣ್ಣ ಮಿರುಗುವ ಕೆಳಪದರದ ಮೇಲೆ ಹಿಡಿಯುವುದೇ ಇಲ್ಲ. ಮಳೆಗಾಲದಲ್ಲಂತೂ ಒಂದು ಬಣ್ಣ ಒಣಗಲು ವಾರ ಹಿಡಿಯಿತು.

ನಲವತ್ತು ಚಿಲ್ಲರೆ ಹಾಳೆಯಲ್ಲಿ ಸಹಿ ಹಾಕುವಂಥವು ಹದಿನೇಳೋ ಹದಿನೆಂಟೋ ಉಳಿದವು. ಐದಾರು ಮಾರಾಟವಾಗಿ ಕಾಗದ, ಇಂಕಿನ ದುಡ್ಡು ಬಂತು. ನಾಲ್ಕಕ್ಕೇ ಕೈಕೊಡುತ್ತೆ ಅಂದವರೇ ಒಂದು ಒಯ್ದರು, ರಿಯಾಯಿತಿ ಕೊಡಲಿಲ್ಲ. ಮುಂದಿನದು ಡಾಫ್ನಿಸ್ ಮರದ ತುದಿಯ ಸೇಬು ಕಿತ್ತು ಕ್ಲೋಯಿಗೆ ಕೊಡುವ ದೃಶ್ಯ. ಅದಕ್ಕೆ ಹನ್ನೆರಡು ಬಣ್ಣದ ಲೆಕ್ಕ ಹಾಕಿದ್ದೇನೆ, ಕಲ್ಲು ಅದೇ.