ಹಾಲಿನ ಲೋಟ ಹಿಡಿದು ಕಾದ ದಿನಗಳು

ನಾನು ಟಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯ ಅಂಗನವಾಡಿ ಕಾರ್ಯಕರ್ತೆ. 1975ರಲ್ಲಿ ಕರ್ನಾಟಕದ ಮೊದಲ ಅಂಗನವಾಡಿಗಳು ಶುರುವಾದದ್ದು ಇದೇ ತಾಲ್ಲೂಕಿನಲ್ಲಿ. ತೂಕ, ಎತ್ತರ, ತೋಳಿನ ಸುತ್ತಳತೆ ನೋಡುವುದು ನಮಗೆ ರೂಢಿ. ತೋಳಿನ ಪಟ್ಟಿ 11.5 ಸೆಂ.ಮೀ.ಗಿಂತ ಕಡಿಮೆ ತೋರಿಸಿದರೆ ಅಂದೇ ಆಸ್ಪತ್ರೆಗೆ ಕಳಿಸುತ್ತೇವೆ. ಮಾತು ಅಳೆಯಲು ಅಂಥ ಪಟ್ಟಿ ನಮ್ಮ ಕೈಲಿಲ್ಲ.

ಅದರಿಂದಲೇ ನಾನೊಮ್ಮೆ ತಪ್ಪು ಮಾಡಿದೆ. ಒಂದು ಹೆಣ್ಣುಮಗು, ಮೂರು ತುಂಬಿದರೂ ಮಾತಿಲ್ಲ. ತಾಯಿ ಕೇಳಿದಾಗ "ಅವ್ರಪ್ಪಂಗೂ ತಡವಾಗೇ ಮಾತು ಬಂದಿದ್ದಂತಲ್ಲವ್ವಾ, ಬತ್ತದೆ ಬುಡು" ಎಂದು ಧೈರ್ಯ ಹೇಳಿ ಕಳಿಸಿದೆ. ಮಗುವಿನ ಕಿವಿ ಸೋರುತ್ತಿತ್ತು, ಸರಿಯಾಗಿ ಕೇಳಿಸುತ್ತಲೇ ಇರಲಿಲ್ಲ. ಅದು ಗೊತ್ತಾಗುವಷ್ಟರಲ್ಲಿ ಒಂದು ವರ್ಷ ಕಳೆದುಹೋಗಿತ್ತು. ಆ ತಾಯಿಯ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಆಮೇಲೆ ಮೂರು ವರ್ಷ ಎರಡು ತಿಂಗಳ ಹುಡುಗನೊಬ್ಬ ಸೇರಿದ. ಏನು ಬೇಕಾದರೂ ನನ್ನ ಸೆರಗು ಎಳೆದು ಬೆರಳು ತೋರಿಸುತ್ತಿದ್ದ, ಅಷ್ಟೇ. ಈ ಸಲ ಮೊದಲು ಮಾಡಿಸಿದ್ದು ಕಿವಿ ಪರೀಕ್ಷೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ನಮ್ಮ ಕಡೆಯವರ ಪುಣ್ಯ. ಕಿವಿಗೆ ಏನೂ ತೊಂದರೆಯಿಲ್ಲ ಎಂದರು. ಕರೆದರೆ ತಿರುಗುತ್ತಿದ್ದ, ಕಣ್ಣಿಟ್ಟು ನೋಡುತ್ತಿದ್ದ, ಬೇರೆ ಮಕ್ಕಳ ಜೊತೆ ಆಡುತ್ತಿದ್ದ.

ಕಾರಣ ಅವನ ಮನೆಗೆ ಹೋದಾಗ ಕಂಡಿತು. ತಾಯಿ ಗಾರ್ಮೆಂಟ್ಸ್ ಬಸ್ ಹತ್ತಿದರೆ ಬರುವುದು ಕತ್ತಲಾದ ಮೇಲೆ. ಹಸು, ಕೊಟ್ಟಿಗೆ, ಒಲೆ ಎಲ್ಲಕ್ಕೂ ಅಜ್ಜಿ ಒಬ್ಬರೇ. ಕೂಸು ನಾಲೆ ಕಡೆ ಹೋಗದಿರಲಿ ಎಂದು ಕೈಗೆ ಮೊಬೈಲ್ ಕೊಡುತ್ತಿದ್ದರು. ಮೊಬೈಲ್ ತನ್ನಷ್ಟಕ್ಕೆ ತಾನು ಮಾತಾಡುತ್ತದೆ, ಮಗು ಏನಂದರೂ ಅದಕ್ಕೆ ಓಗೊಡುವುದಿಲ್ಲ. ಇನ್ನು ಅಜ್ಜಿಯ ಅಕ್ಕರೆಯೋ, ಕೈ ಚಾಚುವ ಮೊದಲೇ ಬೇಕಾದ್ದು ಕೈಗೆ ಬರುತ್ತಿತ್ತು. ಬಾಯಿ ಬಿಡುವ ಅಗತ್ಯವೇ ಅವನಿಗೆ ಬೀಳುತ್ತಿರಲಿಲ್ಲ. ಆ ಜೀವವನ್ನು ದೂರಲು ನನಗೆ ಮನಸ್ಸು ಬರಲಿಲ್ಲ. "ಅವ್ವಾ, ಅವರೆಕಾಯಿ ಸುಲಿಯುವಾಗ ಫೋನ್ ತೆಗೆದಿಟ್ಟು ಪಕ್ಕದಲ್ಲಿ ಕೂರಿಸ್ಕೊಂಡು ಮಾತಾಡ್ಸಿ" ಎಂದೆ.

"ಮಾತೇ ಬರ್ದಿರೋ ಕೂಸ್ ಜೊತ್ಗೆ ಏನ್ ಮಾತಾಡದು ಟೀಚರ್?"

"ಹಸಿನ್ ಜೊತ್ಗೆ ದಿನಾ ಮಾತಾಡ್ತೀರಲ್ಲ, ಹಂಗೇಯ."

ಅಜ್ಜಿಗೆ ಅರ್ಥವಾಯಿತು.

ಅಂಗನವಾಡಿಯಲ್ಲಿ ನಾನು ಮಾಡಿದ್ದು ಕೇಳುವುದು, ಕೇಳಿ ಕಾಯುವುದು. ಕ್ಷೀರಭಾಗ್ಯದ ಹಾಲು ಕೊಡುವಾಗ ಲೋಟ ಹಿಡಿದು, ಅವನ ಮುಖದ ಮಟ್ಟಕ್ಕೆ ಬರುವಂತೆ ಕುಕ್ಕರಗಾಲಲ್ಲಿ ಕೂತು "ಹಾಲು ಬೇಕಾ, ನೀರು ಬೇಕಾ?" ಎನ್ನುತ್ತಿದ್ದೆ. ಆಮೇಲೆ ಮನಸ್ಸಿನಲ್ಲೇ ಹತ್ತು ಎಣಿಸುವುದು. ಎಷ್ಟು ಕಷ್ಟ ಅಂತ ಮಾಡಿ ನೋಡಿದವರಿಗೇ ಗೊತ್ತು, ಮೂರಕ್ಕೆ ಬರುವಷ್ಟರಲ್ಲಿ ನಮ್ಮ ಬಾಯೇ ಉತ್ತರ ಹೇಳಿಬಿಡುತ್ತದೆ. ಸಹಾಯಕಿಗೂ ನಡುವೆ ಬಾಯಿ ಹಾಕಬೇಡಿ ಎಂದಿದ್ದೆ. ಹತ್ತು ಮುಗಿದರೂ ಮಾತು ಬರದಿದ್ದರೆ ನಾನೇ "ಹಾಲು" ಎಂದು ಹೇಳಿ ಕೊಟ್ಟುಬಿಡುತ್ತಿದ್ದೆ. ಮಾತಾಡುವವರೆಗೂ ಕೊಡುವುದಿಲ್ಲ ಎಂದು ಹಟ ಹಿಡಿಯಬಾರದು. ಹಸಿದ ಮಗು ಅಳುವುದನ್ನಷ್ಟೇ ಮಾಡುತ್ತದೆ.

ಐದನೇ ವಾರ, ಏಳೋ ಎಂಟೋ ಎಣಿಸುತ್ತಿದ್ದೆ. ಅವನ ಕಣ್ಣು ಲೋಟ ಬಿಟ್ಟು ನನ್ನ ತುಟಿಗೆ ಬಂತು. "ಆಲು" ಎಂದ.

ನನಗೆ ಕಣ್ಣು ತುಂಬಿತು. ಉಚ್ಚಾರ ತಿದ್ದಲಿಲ್ಲ, ನಮ್ಮೂರಲ್ಲಿ ದೊಡ್ಡವರು ಅನ್ನುವುದೂ ಆಲು ಅಂತಲೇ. "ಹೂಂ, ಬಿಸಿ ಹಾಲು" ಎಂದು ಒಂದು ಪದ ಸೇರಿಸಿ ಲೋಟ ಕೈಗಿಟ್ಟೆ. ಮಗು ಒಂದು ಪದ ಕೊಟ್ಟರೆ ಎರಡು ಮಾಡಿ ವಾಪಸ್ ಕೊಡುವುದು ಅಂದಿನಿಂದ ನನಗೆ ಅಭ್ಯಾಸವಾಗಿದೆ. ಕೆಲವು ತಿಂಗಳಿಗೆ ಅವನು ಕೊಟ್ಟಿಗೆಯ ಹಸುವನ್ನು ಹೆಸರು ಹಿಡಿದು ಕರೆಯುತ್ತಿದ್ದಾನೆ ಎಂದು ಅಜ್ಜಿ ಬಂದು ಹೇಳಿದರು.

ಈಗ ತಾಯಂದಿರ ಸಭೆಯಲ್ಲಿ ತೂಕದ ಜೊತೆ ಇದನ್ನೂ ಕೇಳುತ್ತೇನೆ. ವರ್ಷ ತುಂಬುವಷ್ಟರಲ್ಲಿ ಹೆಸರು ಕರೆದರೆ ತಿರುಗುತ್ತದಾ? ಒಂದೂವರೆಗೆ ಅಮ್ಮ, ಅಪ್ಪ ಬಿಟ್ಟು ಮೂರು ಪದವಾದರೂ ಬರುತ್ತದಾ? ಎರಡಕ್ಕೆ "ಅಮ್ಮ ಬಾ" ಅಂತ ಎರಡು ಪದ ಕೂಡಿಸುತ್ತದಾ? ಇಲ್ಲವೆಂದರೆ ಮೊದಲು ಕಿವಿ ತೋರಿಸಲು ಕಳಿಸುತ್ತೇನೆ. ತಾಯಿ ಒಬ್ಬಳೇ ಹೋಗಲು ಹಿಂಜರಿದರೆ ಮೈಸೂರಿನ ಬಸ್ಸಿಗೆ ನಾನೂ ಜೊತೆಗೆ ಹತ್ತುತ್ತೇನೆ.