ಬಾಲ್ ಬಿಟ್ಟು ಉಳಿದ ನಾಲ್ವರನ್ನು ನೋಡಿ: ಬ್ಯಾಸ್ಕೆಟ್‌ಬಾಲ್ ಅಂಕಣದಿಂದ ಕಾಮೆಂಟರಿ ಮೈಕಿಗೆ ಬಂದ ನನ್ನ ಅನುಭವ

ಹೋದ ಸೀಸನ್ನಿನ ಒಂದು ಸೆಮಿಫೈನಲ್. ನಾಲ್ಕನೇ ಕ್ವಾರ್ಟರಿನಲ್ಲಿ ಎರಡು ನಿಮಿಷ ಚಿಲ್ಲರೆ ಉಳಿದಿತ್ತು. ಸೆಂಟರ್ ಫ್ರೀ ಥ್ರೋ ಗೆರೆ ಹತ್ತಿರ ಬಂದು ಬಾಲ್ ಹಿಡಿದ. ಎಡಗಡೆ ಕಾರ್ನರಿನ ಹುಡುಗನನ್ನು ಕಾಯುತ್ತಿದ್ದ ಎದುರಾಳಿ ಪಾಸ್ ತಡೆಯೋಕೆ ಒಂದು ಹೆಜ್ಜೆ ಮುಂದೆ ಬಂದು ಕೈ ಚಾಚಿದ. "ಹಿತ್ತಿಲ ಬಾಗಿಲು ತೆರೆದಿದೆ, ನೋಡ್ತಾ ಇರಿ" ಅಂತ ಮೈಕಿನಲ್ಲಿ ಅಂದೆ. ಎರಡು ಸೆಕೆಂಡ್ ಆಗಿರಲಿಲ್ಲ. ಆ ಹುಡುಗ ಅವನ ಬೆನ್ನ ಹಿಂದಿನಿಂದ ನುಗ್ಗಿದ, ಬೌನ್ಸ್ ಪಾಸ್ ಬಂತು, ಲೇಅಪ್. ಹೆಡ್‌ಫೋನಿನಲ್ಲಿ ಡೈರೆಕ್ಟರ್ "ಅಬ್ಬಾ" ಅಂದಿದ್ದು ಕೇಳಿಸಿತು. ನಾಲ್ಕು ವರ್ಷದ ಹಿಂದೆ "ಬ್ಯಾಸ್ಕೆಟ್‌ಬಾಲ್ ಅನಾಲಿಸಿಸ್ ಕನ್ನಡದಲ್ಲಿ ಆಗಲ್ಲ ಸರ್, ಯಾರು ಕೇಳ್ತಾರೆ?" ಅಂದಿದ್ದವರೂ ಇವರೇ.

ಆಗುತ್ತೆ. ಆಟ ಬಿಟ್ಟ ಮೇಲೆ ಮೈಕ್ ಹಿಡಿಯೋಣ ಅಂದುಕೊಂಡಿರುವ ನನ್ನಂಥ ಹಳೇ ಆಟಗಾರರಿಗೆ ಇದನ್ನು ಬರೆಯುತ್ತಿದ್ದೇನೆ. ಆಟ ನಿಮಗೆ ಗೊತ್ತೇ ಇದೆ, ಅದನ್ನು ವಿವರಿಸಲ್ಲ.

ಹನ್ನೊಂದು ವರ್ಷ ಒಂದು ಬ್ಯಾಂಕ್ ಟೀಮಿಗೆ ಆಡಿದೆ. ಎಡ ಮಂಡಿಯ ಎಸಿಎಲ್ ಲಿಗಮೆಂಟ್ ಎರಡನೇ ಸಲ ಹರಿದಾಗ ಆಟ ಮುಗಿಯಿತು, ಕೆಲಸ ಉಳಿಯಿತು. 2017ರಲ್ಲಿ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆಯಿತಲ್ಲ, ಡಿವಿಷನ್ ಬಿ ಫೈನಲ್ ನೋಡೋಕೆ ಹೋಗಿದ್ದೆ. ನಮ್ಮ ಹುಡುಗಿಯರು ಕಜಕಸ್ತಾನವನ್ನು 75-73ರಲ್ಲಿ ಸೋಲಿಸಿದ ಪಂದ್ಯ. ಪಕ್ಕದಲ್ಲಿ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದ ಒಬ್ಬ ಯಜಮಾನರು ಕೂತಿದ್ದರು. "ಏನಪ್ಪಾ, ಬಾಲ್ ಒಬ್ಬಳ ಹತ್ರ ಇದೆ, ಉಳಿದವರು ಯಾಕೆ ಸುಮ್ನೆ ಆ ಕಡೆ ಈ ಕಡೆ ಓಡ್ತಾರೆ?" ಅಂತ ಕೇಳಿದರು. ಪಂದ್ಯ ಮುಗಿಯೋವರೆಗೂ ಅವರಿಗೆ ಅದನ್ನೇ ಹೇಳುತ್ತಾ ಕೂತೆ. ಕೊನೇ ಕ್ವಾರ್ಟರ್ ಹೊತ್ತಿಗೆ ಅವರೇ "ನೋಡು, ಅಡ್ಡ ನಿಂತಳು" ಅನ್ನೋಕೆ ಶುರು ಮಾಡಿದರು. ನನ್ನ ಇಡೀ ವಿಧಾನ ಆ ಪ್ರಶ್ನೆಯಿಂದಲೇ ಹುಟ್ಟಿದ್ದು.

ಆದರೆ ಮೊದಲ ಎರಡು ವರ್ಷ ಪೂರ್ತಿ ಸೋಲು. ಎರಡು ಟೂರ್ನಮೆಂಟಿನ ಲೈವ್ ಸ್ಟ್ರೀಮಿಗೆ ಕರೆದಿದ್ದರು. ಮೊದಲ ಪಂದ್ಯದ ರೆಕಾರ್ಡಿಂಗ್ ಮನೆಗೆ ಬಂದು ಕೇಳಿದೆ. "ನಾನು ಆಡುವಾಗ" ಅನ್ನೋ ಮಾತು ಮೂವತ್ತೊಂದು ಸಲ ಬಂದಿತ್ತು, ಗೀಟು ಹಾಕಿ ಎಣಿಸಿದ್ದೇನೆ. ಉಳಿದಿದ್ದೆಲ್ಲ ಕಣ್ಣಿಗೆ ಕಾಣೋದನ್ನೇ ಇನ್ನೊಂದು ಸಲ ಹೇಳಿದ್ದು. "ಪಾಸ್ ಮಾಡಿದ, ಶಾಟ್ ಹಾಕಿದ, ಮಿಸ್ ಆಯ್ತು." ಟಿವಿ ನೋಡೋರಿಗೆ ಕಣ್ಣಿಲ್ವಾ? ಅದು ಸಾಲದು ಅಂತ ಅರ್ಧ ಮಾತು ಇಂಗ್ಲಿಷಿನಲ್ಲಿ. "ವೀಕ್ ಸೈಡ್ ಹೆಲ್ಪ್ ಲೇಟ್ ಆಗಿ ರೊಟೇಟ್ ಆಯ್ತು" ಅಂದರೆ ನಮ್ಮ ನಿಮ್ಮಂಥವರಿಗೆ ಅರ್ಥವಾಗುತ್ತೆ. ಆ ಯಜಮಾನರಿಗೆ?

ದುಡ್ಡಿನ ಕಥೆಯನ್ನೂ ಹೇಳಿಬಿಡುತ್ತೇನೆ, ಯಾರೂ ಹೇಳಲ್ಲ. ಆಗ ಪಂದ್ಯಕ್ಕೆ 1,500 ರೂಪಾಯಿ. ಮೊದಲ ವರ್ಷ ಒಂಬತ್ತೋ ಹತ್ತೋ ಪಂದ್ಯ ಸಿಕ್ಕವು. ಮನೆಯಲ್ಲಿ ಅಭ್ಯಾಸಕ್ಕೆ ಅಂತ ಮೈಕ್, ಮಿಕ್ಸರ್, ಹೆಡ್‌ಫೋನ್ ಎಲ್ಲ ಸೇರಿ ಸುಮಾರು 22,000 ಸುರಿದಿದ್ದೆ. ಅದು ದುಡುಕು. ಅಭ್ಯಾಸಕ್ಕೆ ಫೋನ್ ಸಾಕು. ಒಬ್ಬ ಆಯೋಜಕರಿಂದ 18,000 ಇವತ್ತಿಗೂ ಬಂದಿಲ್ಲ. ಈಗ ಅರ್ಧ ಮುಂಗಡ ಕೈಗೆ ಬರದೆ ಸ್ಟೇಡಿಯಮ್ಮಿಗೆ ಹೋಗಲ್ಲ. ಬ್ಯಾಂಕಿನಲ್ಲಿ ವರ್ಷಕ್ಕೆ 12 ಸಿಎಲ್ ರಜೆ. ಅದರಲ್ಲಿ ಹತ್ತು ಕಾಮೆಂಟರಿಗೇ ಹೋಗುತ್ತಿತ್ತು. ಮನೆಯಲ್ಲಿ ಇದಕ್ಕೆ ಜಗಳವೂ ಆಗಿದೆ.

ಇನ್ನೊಂದು ಅಡ್ಡಿ ನನ್ನ ನಾಲಿಗೆ. ನಮ್ಮ ಕಡೆ ಅಕಾರ ಹಕಾರ ಅದಲು ಬದಲು. ಒಂದು ಚಾನೆಲ್ಲಿನ ಆಡಿಷನ್ನಿನಲ್ಲಿ ಹಾಸನದ ಟೀಮನ್ನು ಆಸನದ ಟೀಮ್ ಅಂದಿದ್ದಕ್ಕೆ ಅಲ್ಲೇ ನಿಲ್ಲಿಸಿ ಕಳಿಸಿದರು. ತುಂಬಾ ನೊಂದುಕೊಂಡೆ. ಆಗ ಧೈರ್ಯ ಕೊಟ್ಟಿದ್ದು ಅಮೆರಿಕದ ದೊಡ್ಡ ಆಟಗಾರ ಬಿಲ್ ವಾಲ್ಟನ್ ಕಥೆ. 28 ವರ್ಷ ಆಗೋವರೆಗೂ ಅವರಿಗೆ ಜೋರು ತೊದಲು. ಹಳೇ ಕಾಮೆಂಟೇಟರ್ ಮಾರ್ಟಿ ಗ್ಲಿಕ್‌ಮನ್ ಹೇಳಿಕೊಟ್ಟ ಮೇಲೆ ಅದನ್ನು ಗೆದ್ದರು, ಆಮೇಲೆ ಟಿವಿಯಲ್ಲಿ ದಶಕಗಳ ಕಾಲ ಮಾತಾಡಿಯೇ ಹೆಸರು ಮಾಡಿದರು. ತೊದಲೇ ಹೋಗುತ್ತೆ ಅಂದರೆ ಹಕಾರ ಏನು ಮಹಾ? ದಿನಾ ಬೆಳಗ್ಗೆ ಪೇಪರಿನ ಆಟದ ಪುಟ ಜೋರಾಗಿ ಓದಿದೆ. ಹಕಾರ ಬಂದಲ್ಲೆಲ್ಲ ಕೆಂಪು ಗೆರೆ. ಎಂಟು ತಿಂಗಳು ಹಿಡಿಯಿತು. ಈಗ ಸುಸ್ತಾದಾಗ ಮಾತ್ರ ಜಾರುತ್ತೆ.

ಈಗ ವಿಧಾನಕ್ಕೆ ಬರುತ್ತೇನೆ.

ಹಳೇ ಪಂದ್ಯ ಹಾಕಿಕೊಳ್ಳಿ, ಸೌಂಡ್ ಪೂರ್ತಿ ತೆಗೆಯಿರಿ. ಮೊದಲ ಸಲ ಬಾಲ್ ಇರುವವನನ್ನು ನೋಡಲೇಬೇಡಿ. ಉಳಿದ ನಾಲ್ವರು ಮತ್ತು ಅವರನ್ನು ಕಾಯೋ ನಾಲ್ವರ ಪಾದಗಳನ್ನು ನೋಡಿ. ಬಾಲ್ ಸುಳ್ಳು ಹೇಳುತ್ತೆ, ಕಣ್ಣು ಸುಳ್ಳು ಹೇಳುತ್ತೆ, ಪಾದ ಹೇಳಲ್ಲ. ಮೈಭಾರ ಯಾವ ಕಾಲಿನ ಮೇಲಿದೆ, ಹಿಮ್ಮಡಿ ಎತ್ತಿದ್ದಾನಾ, ಅಷ್ಟೇ. ಆಡುವಾಗ ಇದು ನಮಗೆ ಮೈಯಲ್ಲೇ ಗೊತ್ತಿರುತ್ತೆ, ಬಾಯಿಗೆ ಬರಲ್ಲ. ಬಾಯಿಗೆ ತರೋದೇ ಅಭ್ಯಾಸ. ಒಂದು ಪಂದ್ಯಕ್ಕೆ ನನಗೆ ಮೂರೂವರೆ ಗಂಟೆ ಬೇಕಾಗುತ್ತಿತ್ತು. ಹಾಗೆ ನೂರಾ ನಲವತ್ತರ ಹತ್ತಿರ ಪಂದ್ಯ ನೋಡಿದ್ದೇನೆ.

ಎರಡನೇ ಕೆಲಸ ಹೊತ್ತಿನ ಲೆಕ್ಕ. ಸ್ಟಾಪ್‌ವಾಚ್ ಹಿಡಿದು ಮೂರು ವಾರ ಅಳೆದೆ. ಸೀಟಿ ಊದಿದ ಮೇಲೆ ಸೈಡ್‌ಲೈನಿನಿಂದ ಬಾಲ್ ಒಳಗೆ ಬರೋಕೆ ಹೆಚ್ಚುಕಡಿಮೆ ಒಂಬತ್ತು ಸೆಕೆಂಡ್. ಎರಡು ಫ್ರೀ ಥ್ರೋ ಅಂದರೆ ಇಪ್ಪತ್ತೈದರ ಆಸುಪಾಸು. ಟೈಮ್‌ಔಟ್ ಒಂದು ನಿಮಿಷ, ಅದರಲ್ಲಿ ಜಾಹೀರಾತು ಬಂದರೆ ನಿಮಗೆ ಉಳಿಯೋದು ಹತ್ತು. ನಾನು ಕನ್ನಡದಲ್ಲಿ ಆರಾಮಾಗಿ ಮಾತಾಡಿದರೆ ಸೆಕೆಂಡಿಗೆ ಎರಡು ಪದ. ಹಾಗಾಗಿ ನನ್ನ ಹತ್ತಿರ ಮೂರೇ ಅಳತೆಯ ಮಾತು: ಎಂಟು ಪದದ್ದು, ಹದಿನಾರು ಪದದ್ದು, ನಲವತ್ತು ಪದದ್ದು. ಬಾಲ್ ಓಡುವಾಗ ಎಂಟಕ್ಕಿಂತ ಜಾಸ್ತಿ ಇಲ್ಲ. ಅಫೆನ್ಸಿವ್ ರೀಬೌಂಡ್ ಆದರೆ, ಅಂದರೆ ಮಿಸ್ ಆದ ಬಾಲ್ ಶಾಟ್ ಹಾಕಿದ ಟೀಮಿಗೇ ಮತ್ತೆ ಸಿಕ್ಕರೆ, ಶಾಟ್ ಕ್ಲಾಕ್ 14 ಸೆಕೆಂಡಿಗೆ ಹೋಗುತ್ತೆ, ಆಗ ಬಾಯಿ ಮುಚ್ಚಿಕೊಳ್ಳಿ. ಏನಾದರೂ ಆಗೇ ಆಗುತ್ತೆ, ಅದು ಜೊತೆಯಲ್ಲಿ ಕೂತ ಕಾಮೆಂಟೇಟರ್ ಹೇಳಬೇಕಾದ್ದು.

ಮೂರನೆಯದು ಪದಗಳು. ಅಮೆರಿಕದಲ್ಲಿ ನಿಕ್ಸ್ ತಂಡದ ವಾಲ್ಟ್ ಫ್ರೇಜಿಯರ್ 1970 ಮತ್ತು 1973ರಲ್ಲಿ ಚಾಂಪಿಯನ್ ಆದವರು. ಮೈಕ್ ಹಿಡಿದಾಗ ಪದಗಳನ್ನು ಬರೆದಿಟ್ಟುಕೊಂಡು ಕಲಿತರಂತೆ. ಪ್ರಾಸ ಹಾಕಿ ಮಾತಾಡೋದು ಅವರ ಗುರುತೇ ಆಯಿತು. ನಾನೂ ಒಂದು ಇನ್ನೂರು ಪೇಜಿನ ನೋಟ್‌ಬುಕ್ ತಂದೆ. ಪ್ರೊ ಕಬಡ್ಡಿಯ ಕನ್ನಡ ಕಾಮೆಂಟರಿ ಕೇಳಿ ಕೋರ್ಟಿಗೆ "ಅಂಕಣ" ಅನ್ನೋದನ್ನು ಎತ್ತಿಕೊಂಡೆ. ಆಮೇಲೆ ಎಡವಟ್ಟುಗಳ ಸಾಲು. ರೀಬೌಂಡಿಗೆ "ಮರುಪುಟಿತ" ಅಂದೆ, ಜೊತೆಗಾರ ಆನ್ ಏರ್ ನಕ್ಕುಬಿಟ್ಟ. ಬ್ಯಾಸ್ಕೆಟ್ಟಿಗೆ "ಬುಟ್ಟಿ" ಅಂದರೆ ಹೂವಿನ ಬುಟ್ಟಿಯೇ ಕಣ್ಮುಂದೆ ಬರುತ್ತೆ. ಒಂದು ವಿಷಯ ಆಗ ತಿಳಿಯಿತು. ವಸ್ತುವಿಗೆ, ಅಂಕಕ್ಕೆ ಇಂಗ್ಲಿಷ್ ಪದವೇ ಇರಲಿ, ಅವು ಎಲ್ಲರಿಗೂ ಗೊತ್ತು. ಚಲನೆಗೆ ಕನ್ನಡ ಬೇಕು. ಮ್ಯಾನ್ ಟು ಮ್ಯಾನ್ "ಆಳು ಕಾಯೋದು", ಝೋನ್ "ಜಾಗ ಕಾಯೋದು". ಸ್ಕ್ರೀನ್ "ಅಡ್ಡಗೋಡೆ". ಬಾಕ್ಸ್ ಔಟ್ "ಬೆನ್ನು ಕೊಟ್ಟು ತಡೆಯೋದು". ಬ್ಯಾಕ್‌ಡೋರ್ ಕಟ್ "ಹಿತ್ತಿಲ ಬಾಗಿಲು". ಈ ಕೊನೆಯದು ನನ್ನದೇ ಅಂತ ಹೆಮ್ಮೆಯಿಂದ ಹೇಳುತ್ತೇನೆ. ಈಗ ಇನ್ನಿಬ್ಬರು ಕಾಮೆಂಟೇಟರುಗಳು ಬಳಸುತ್ತಿದ್ದಾರೆ, ಕೇಳಿ ಖುಷಿಯಾಯಿತು.

ಪದ ಸರಿ ಇದೆಯಾ ಅಂತ ನೋಡೋದು ಹೇಗೆ? ನಮ್ಮ ಅತ್ತಿಗೆ ಈ ಆಟ ಯಾವತ್ತೂ ನೋಡಿದವರಲ್ಲ. ರಾತ್ರಿ ಊಟ ಆದ ಮೇಲೆ ಅವರನ್ನು ಟಿವಿ ಮುಂದೆ ಕೂರಿಸಿ ಪಂದ್ಯ ಹಾಕುತ್ತಿದ್ದೆ. ಒಂದು ಮಾತು ಹೇಳಿ, ತಕ್ಷಣ ವಿಡಿಯೋ ನಿಲ್ಲಿಸಿ, "ಅತ್ತಿಗೆ, ಈಗ ಬಾಲ್ ಎಲ್ಲಿಗೆ ಹೋಗುತ್ತೆ ಹೇಳಿ" ಅಂತ ಕೇಳೋದು. ಅವರು ಸರಿಯಾಗಿ ತೋರಿಸಿದರೆ ಆ ಮಾತು ನೋಟ್‌ಬುಕ್ಕಿಗೆ. ಇಲ್ಲಾಂದ್ರೆ ಕಾಟು. ಶುರುವಿನಲ್ಲಿ ಹತ್ತಕ್ಕೆ ಎರಡು ಪಾಸಾಗುತ್ತಿದ್ದವು. "ನೀನು ಏನ್ ಹೇಳ್ತಿದೀಯೋ ಒಂದೂ ತಿಳೀತಿಲ್ಲ ಕಣೋ, ಸೊಪ್ಪು ಬಿಡಿಸೋದಿದೆ, ಬಿಡು" ಅಂತ ಎದ್ದು ಹೋಗಿದ್ದೂ ಇದೆ. ಒಂದೂವರೆ ವರ್ಷ ಆದ ಮೇಲೆ ಹತ್ತಕ್ಕೆ ಆರು, ಏಳು. ಅಷ್ಟರಲ್ಲಿ ಅತ್ತಿಗೆ ಆಟ ಕಲಿತುಬಿಟ್ಟಿದ್ದರು, ಪರೀಕ್ಷೆಗೆ ಬೇರೆಯವರನ್ನು ಹುಡುಕಬೇಕಾಯಿತು. ಈಗ ಅಪಾರ್ಟ್‌ಮೆಂಟಿನ ವಾಚ್‌ಮನ್ನರು ಕೂರುತ್ತಾರೆ, ಟೀ ನನ್ನ ಲೆಕ್ಕ.

ಮಧ್ಯೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಅಂಕಣದ ಪಕ್ಕ ಕಣ್ಣು ಮುಚ್ಚಿ ಕೂತು, ಬರೀ ಸದ್ದಿನಿಂದ ಝೋನೋ ಮ್ಯಾನ್ ಟು ಮ್ಯಾನೋ ಹೇಳೋದು. ಝೋನಿನಲ್ಲಿ ಹಿಂದಿನವರು ಜಾಸ್ತಿ ಕೂಗುತ್ತಾರೆ, ಮುಂದಿನವರ ಶೂ ಚೀರೋದು ಕಡಿಮೆ. ಹತ್ತರಲ್ಲಿ ಏಳು ಸರಿಯಾದವು. ಟಿವಿಗೆ ಇದರಿಂದ ಏನೂ ಪ್ರಯೋಜನವಾಗಲಿಲ್ಲ, ಜನರ ಗದ್ದಲದಲ್ಲಿ ಮೈಕಿಗೆ ಅದು ಸಿಗಲ್ಲ. ಆದರೂ ಮಾಡಿ ನೋಡಿ, ಆಟ ಬೇರೆ ಥರ ಕೇಳಿಸುತ್ತೆ. ನಿಂತು ಮಾತಾಡಿದರೆ ಉಸಿರು ಚೆನ್ನಾಗಿ ಬರುತ್ತೆ ಅಂತಾರೆ, ಅದನ್ನೂ ನೋಡಿದೆ. ದಿನಕ್ಕೆ ನಾಲ್ಕು ಪಂದ್ಯ ಇದ್ದರೆ ನನ್ನ ಮಂಡಿ ಒಪ್ಪಲ್ಲ.

ಟೈಮ್‌ಔಟ್ ಮುಗಿದು ಬರುವಾಗ ಕೋಚ್ ಯಾವ ಆಟ ಬರೆದುಕೊಟ್ಟಿದ್ದಾರೆ ಅಂತ ಹತ್ತರಲ್ಲಿ ಐದಾರು ಸಲ ಹೇಳಬಲ್ಲೆ. ಅದಕ್ಕೆ ಒಂದು ಗುರುತು ಇದೆ. ಬೋರ್ಡ್ ಕದ್ದು ನೋಡಲ್ಲ, ಆ ಕೆಲಸ ಮಾಡಲ್ಲ. ಗುರುತು ಏನು ಅಂತ ಮಾತ್ರ ಇಲ್ಲಿ ಬರೆಯಲ್ಲ. ಐದು ವರ್ಷದ ದುಡಿಮೆ ಅದು. ಹೊಸ ಟೀಮಿನ ಹನ್ನೆರಡು ಹೆಸರುಗಳನ್ನು ಹದಿನೈದು ನಿಮಿಷದಲ್ಲಿ ಬಾಯಿಪಾಠ ಮಾಡೋ ದಾರಿಯೂ ನನ್ನ ಹತ್ತಿರವೇ ಇರಲಿ.

ಮೂರು ವರ್ಷದ ಹಿಂದೆ ಆ ಡೈರೆಕ್ಟರ್ ಮನಸ್ಸಿಲ್ಲದ ಮನಸ್ಸಿನಿಂದ ಒಂದು ಪಂದ್ಯ ಕೊಟ್ಟರು. ಬರಬೇಕಾದವರಿಗೆ ಜ್ವರ ಬಂದಿತ್ತು, ಅಷ್ಟೇ ಕಾರಣ. ಮೂರನೇ ಕ್ವಾರ್ಟರಿನಲ್ಲಿ "ಇವರು ಜಾಗ ಕಾಯ್ತಿದ್ದಾರೆ, ಕಾರ್ನರ್ ಖಾಲಿ, ಅಲ್ಲಿಂದ ಮೂರು ಬರುತ್ತೆ" ಅಂದೆ. ಸರಿಯಾಗಿ ಎಂಟು ಪದ. ಬಂತು. ಕಾರ್ನರಿನಲ್ಲಿ ಮೂರು ಅಂಕದ ಗೆರೆ 6.6 ಮೀಟರ್, ಮೇಲ್ಗಡೆ 6.75, ಆ ಅರ್ಧ ಅಡಿಯ ಲಾಭ ಹೇಗೆ ಅಂತ ರಿಪ್ಲೇಯಲ್ಲಿ ಹದಿನಾರು ಪದದಲ್ಲಿ ಹೇಳಿದೆ. ಬ್ರೇಕಿನಲ್ಲಿ ಅವರು ಏನೂ ಅನ್ನಲಿಲ್ಲ. ಮಾರನೇ ದಿನ ಫೋನ್ ಬಂತು. ಈಗ ಪಂದ್ಯಕ್ಕೆ 7,000 ಕೊಡುತ್ತಾರೆ, ಸ್ಟುಡಿಯೋ ದಿನಕ್ಕೆ ಬೇರೆ. ಹೋದ ವರ್ಷ ಎಲ್ಲ ಸೇರಿ ಎರಡೂಕಾಲು ಲಕ್ಷದ ಹತ್ತಿರ ಬಂತು. ಕೆಲಸ ಬಿಡುವಷ್ಟು ಅಲ್ಲ, ಬಿಡಬೇಡಿ ಅಂತಲೇ ಹೇಳುತ್ತೇನೆ. ಆದರೆ ಮಿಕ್ಸರಿನ ಸಾಲ ಯಾವತ್ತೋ ತೀರಿದೆ.

ಒಂದೇ ಒಂದು ಪದ ಇನ್ನೂ ಸಿಕ್ಕಿಲ್ಲ, ಸ್ಪೇಸಿಂಗಿಗೆ. "ಹರಡಿ ನಿಲ್ಲೋದು" ಅಂದರೆ ಸುಮ್ನೆ ದೂರ ದೂರ ನಿಂತ ಹಾಗೆ ಕೇಳಿಸುತ್ತೆ, ಯಾಕೆ ಅನ್ನೋದು ಬರಲ್ಲ. ಹೋದ ತಿಂಗಳು ಮನೆಯಲ್ಲಿ ಗೃಹಪ್ರವೇಶ ಇತ್ತು. ಹುಡುಗರು ಎಲೆ ಹಾಕುತ್ತಿದ್ದರು. ಅತ್ತಿಗೆ ನನ್ನನ್ನು ಕೂಗಿ ಕರೆದರು. "ನೋಡೋ, ಎರಡು ಪಂಕ್ತಿ ಮಧ್ಯೆ ಬಡಿಸೋರು ಓಡಾಡೋಕೆ ಜಾಗ ಬಿಡ್ತೀವಲ್ಲ, ನೀನು ಹೇಳ್ತಿದ್ದಿದ್ದು ಇದೇ ತಾನೆ?" ಇದೇ. ಬಾಲ್ ಹಿಡಿದವನು ಬಡಿಸೋನು, ಉಳಿದ ನಾಲ್ವರು ಅವನಿಗೆ ದಾರಿ ಬಿಟ್ಟು ಕೂತವರು. "ಬಡಿಸೋಕೆ ದಾರಿ ಬಿಟ್ಟಿದ್ದಾರೆ." ಮೂರೇ ಪದ. ಮುಂದಿನ ಶನಿವಾರ ಪಂದ್ಯ ಇದೆ, ಹೇಳಿ ನೋಡುತ್ತೇನೆ.