ಒರಟು ಗಾಡಿ ನನಗೆ ಬೇಕಿತ್ತಾ?

ಸಾದಾ, ಗಟ್ಟಿಮುಟ್ಟಾದ ಎಸ್‌ಯುವಿ ಕೊಳ್ಳಬೇಕೆಂದು ಬಹಳ ದಿನದಿಂದ ಇತ್ತು. ಅದು ಬರೀ ಆಸೆಯೋ, ನಿಜಕ್ಕೂ ಬೇಕೋ ತಿಳಿಯಲು ಒಂದು ತಿಂಗಳು ಕಾರಿನಲ್ಲಿ ಪುಟ್ಟ ನೋಟ್‌ಬುಕ್ ಇಟ್ಟೆ. ಎಷ್ಟು ಕಿ.ಮೀ., ಎಂಥ ದಾರಿ, ಜೊತೆಗೆ ಯಾರು, ಇಷ್ಟನ್ನು ಇಳಿಯುವಾಗ ಬರೆಯುತ್ತಿದ್ದೆ.

ಒಟ್ಟು 1,100 ಕಿ.ಮೀ. ಆಯಿತು. ಅದರಲ್ಲಿ ಕೆಟ್ಟ ದಾರಿ 64 ಮಾತ್ರ. ಇಷ್ಟಕ್ಕೆ ಬೇರೆ ಗಾಡಿ ಯಾಕೆ ಅನಿಸಿತು. ಆದರೆ ಆ 64 ಕಿ.ಮೀ. ಇದ್ದದ್ದು ತೋಟದ ಮಣ್ಣಿನ ದಾರಿಯಲ್ಲಿ. ವಾರಕ್ಕೆ ಎರಡು ಸಲ ಹೋಗಲೇಬೇಕು. ಮಳೆ ಬಂದ ಮೂರು ದಿನ ಕಾರನ್ನು ನಡುದಾರಿಯಲ್ಲೇ ಬಿಟ್ಟು, ಗೊಬ್ಬರದ ಚೀಲ ಹೊತ್ತು ನಡೆದಿದ್ದೆ.

ಇಲ್ಲಿ ಇನ್ನೊಂದು ವಿಷಯ ನೋಡಬೇಕು. ಕಾರು ನಿಂತಿದ್ದು ಹೊಟ್ಟೆ ನೆಲಕ್ಕೆ ತಾಗಿಯೋ, ಚಕ್ರ ಜಾರಿಯೋ? ಹೊಟ್ಟೆ ತಾಗುವುದಷ್ಟೇ ತೊಂದರೆಯಾದರೆ ಸ್ವಲ್ಪ ಎತ್ತರದ ಕಾರು ಸಾಕು. ನನ್ನದು ಕೆಸರಿನ ಏರಿನಲ್ಲಿ ಜಾರುತ್ತಿತ್ತು. ಅಲ್ಲಿ ನಾಲ್ಕೂ ಚಕ್ರ ಎಳೆಯಬೇಕು, ವೇಗ ತಗ್ಗಿಸಿ ಎಳೆಯುವ ಬಲ ಹೆಚ್ಚಿಸುವ ಲೋ ರೇಂಜ್ ಗೇರ್ ಇದ್ದರೆ ಇನ್ನೂ ಒಳ್ಳೆಯದು.

ಆಮೇಲೆ ಗೆಳೆಯನ ಬಳಿ ಇದ್ದ ಅಂಥದೇ ಗಾಡಿಯನ್ನು ಎರಡು ದಿನಕ್ಕೆ ಕೇಳಿ ತಂದೆ. ಷೋರೂಮ್ ಸುತ್ತ ಹತ್ತು ನಿಮಿಷ ಓಡಿಸಿದರೆ ಇಂಥ ಗಾಡಿಯ ಗುಣ ತಿಳಿಯುವುದಿಲ್ಲ. ತೋಟದ ಏರನ್ನು ಲೋ ರೇಂಜ್‌ನಲ್ಲಿ ನಿಧಾನಕ್ಕೆ, ಒಂದು ಸಲವೂ ಜಾರದೆ ಹತ್ತಿತು. ಹೆದ್ದಾರಿಯಲ್ಲಿ ಮಾತ್ರ ಕಥೆಯೇ ಬೇರೆ. 80 ದಾಟಿದರೆ ಗಾಳಿಯ ಸದ್ದಿಗೆ ಮಾತು ಕೇಳಿಸದು. ಖಾಲಿ ಗಾಡಿಯ ಹಿಂದಿನ ಸೀಟಿನಲ್ಲಿ ಕೂತವರನ್ನು ಪ್ರತಿ ಹಳ್ಳವೂ ಎತ್ತಿ ಹಾಕುತ್ತದೆ. ಏಣಿಯಂಥ ಉಕ್ಕಿನ ಚೌಕಟ್ಟು (ಲ್ಯಾಡರ್ ಫ್ರೇಮ್), ಭಾರ ಹೊರಲು ಮಾಡಿದ ಗಟ್ಟಿ ಸ್ಪ್ರಿಂಗ್, ಹಾಗೇ ಇರುವುದು. ಎತ್ತರ ಜಾಸ್ತಿ ಇರುವುದರಿಂದ ತಿರುವಿನಲ್ಲಿ ವೇಗ ಇಳಿಸಲೇಬೇಕು.

ಒಣ ಟಾರು ರಸ್ತೆಯಲ್ಲಿ ಫೋರ್‌ವೀಲ್ (ನಾಲ್ಕೂ ಚಕ್ರದ ಎಳೆತ) ಹಾಕಬೇಡ ಎಂದು ಗೆಳೆಯ ಮೊದಲೇ ಹೇಳಿದ್ದ. ತಿರುವಿನಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಓಡುವ ದೂರ ಒಂದೇ ಅಲ್ಲ. ಈ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ಮಧ್ಯದಲ್ಲಿ ಇಲ್ಲದ ಗಾಡಿಯಲ್ಲಿ ಆಗ ಗೇರು, ಆಕ್ಸಲ್ ಎಲ್ಲ ಬಿಗಿಯುತ್ತದೆ. ಕೆಸರು, ಮರಳಲ್ಲಾದರೆ ಚಕ್ರ ಕೊಂಚ ಜಾರಿ ಸರಿಹೋಗುತ್ತದೆ.

ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು ಅಮ್ಮನ ಮಂಡಿ ನೋವು. ಅವರಿಗೆ ಗಾಡಿ ಹತ್ತಲು ಆಗಲೇ ಇಲ್ಲ. ಬದಿಗೆ ಅಗಲದ ಮೆಟ್ಟಿಲು, ಮೇಲೊಂದು ಹಿಡಿ ಹಾಕಿಸಬಹುದೆಂದು ಖಾತ್ರಿಯಾದ ಮೇಲೇ ಮುಂಗಡ ಕೊಟ್ಟೆ.

ಈಗ ಮಳೆಯಲ್ಲೂ ಗೊಬ್ಬರ ತೋಟದ ಬಾಗಿಲಿಗೇ ಹೋಗುತ್ತದೆ. ದೂರದ ಊರಿಗೆ ಹೋಗುವುದಿದ್ದರೆ ಮೊದಲಿಗಿಂತ ಅರ್ಧ ಗಂಟೆ ಮುಂಚೆ ಹೊರಡುತ್ತೇವೆ.